ಹೆಸರಿನ ಚೀಟಿ, ಕಾಗದದ ಸಂಚಿ



ನಮ್ಮ ಬಳಗಾನೂರಿನ ಬಹಳ ಮನೆಗಳಲ್ಲಿ ಗೋಡೆಗೆ ಒಂದು ಮೊಳೆ ಇರುತ್ತದೆ. ಆ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿರುತ್ತದೆ. ಮನೆಯ ಕಾಗದವೆಲ್ಲ ಅದರಲ್ಲೇ. ಪಹಣಿ ಅದರಲ್ಲೇ. ರೇಷನ್ ಕಾರ್ಡು ಅದರಲ್ಲೇ. ಕೂಸಿನ ಲಸಿಕೆ ಕಾರ್ಡು ಅದರಲ್ಲೇ. ಹೋದ ವರ್ಷದ ಗೊಬ್ಬರದ ರಸೀದಿಯೂ ಅದರಲ್ಲೇ. ಒಂದು ಕಾಗದ ಬೇಕಾದರೆ ಇಡೀ ಚೀಲವನ್ನು ನೆಲಕ್ಕೆ ಸುರಿಯಬೇಕು.

"ಯವ್ವಾ, ಬ್ಯಾಂಕಿನ ಪುಸ್ತಕ ಎಲ್ಲೈತಿ?"

"ಚೀಲದಾಗ ನೋಡವಾ."

"ಚೀಲದಾಗ ಇಲ್ಲ."

"ಹಂಗಾರ ನಿಮ್ಮಪ್ಪನ್ನ ಕೇಳು."

ಇದು ನಮ್ಮ ಮನೆಯ ಮಾತು. ನಿಮ್ಮ ಮನೆಯ ಮಾತೂ ಹೌದಲ್ಲವೇ? ಓದು ಬಾರದ ದಿನಗಳಲ್ಲಿ ನಾವು ಕಾಗದವನ್ನು ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದೆವು. ಮೂಲೆ ಹರಿದದ್ದು ಇಂಥದು, ಎಣ್ಣೆ ಕಲೆ ಬಿದ್ದದ್ದು ಇಂಥದು ಎಂದು ನೆನಪು ಇಟ್ಟುಕೊಳ್ಳುತ್ತಿದ್ದೆವು. ಈಗ ನಮಗೆ ಅಕ್ಷರ ಬಂದಿದೆ. ಆದರೆ ಚೀಲ ಹಾಗೇ ಇದೆ.

ಈ ಪಾಠದಲ್ಲಿ ಎರಡು ವಸ್ತು ಮಾಡಲು ಕಲಿಯೋಣ. ಒಂದು, ಹೆಸರು ಬರೆದು ಕಟ್ಟುವ ಚೀಟಿ. ಇನ್ನೊಂದು, ಕಾಗದ ಇಡುವ ಸಂಚಿ. ಎರಡೂ ಚಂದ ಇರಬೇಕು. ಚಂದ ಇದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಎಲೆ ಅಡಿಕೆಯ ಸಂಚಿಯನ್ನು ನಮ್ಮ ಅಜ್ಜಿಯರು ಎಷ್ಟು ಚಂದ ಹೊಲಿದುಕೊಳ್ಳುತ್ತಿದ್ದರು, ನೆನಪಿದೆಯೇ? ಎಲೆಗೆ ಒಂದು ಅರೆ, ಅಡಿಕೆಗೆ ಒಂದು ಅರೆ, ಸುಣ್ಣದ ಡಬ್ಬಿಗೆ ಒಂದು ಅರೆ, ದುಡ್ಡಿಗೆ ಒಂದು ಒಳಅರೆ. ಕತ್ತಲಲ್ಲಿ ಕೈ ಹಾಕಿದರೂ ಬೇಕಾದದ್ದೇ ಸಿಗುತ್ತಿತ್ತು. ಕಾಗದಕ್ಕೂ ಅಂಥ ಸಂಚಿ ಬೇಕು.

ಸಾಮಾನು

ಪೇಟೆಗೆ ಹೋಗುವುದು ಬೇಡ. ಹಳೆಯ ಲಗ್ನಪತ್ರಿಕೆಗಳನ್ನು ತೆಗೆಯಿರಿ. ಅದರ ಕಾಗದ ದಪ್ಪ, ಬಂಗಾರದ ಗೆರೆಯೂ ಇರುತ್ತದೆ. ಕಳೆದ ವರ್ಷದ ಕ್ಯಾಲೆಂಡರ್ ತೆಗೆಯಿರಿ. ಸೀರೆ ಬಂದ ಡಬ್ಬಿ, ಅಂಗಡಿಯ ರಟ್ಟಿನ ಪೆಟ್ಟಿಗೆ ಇಟ್ಟುಕೊಳ್ಳಿರಿ. ಕೌದಿ ಹೊಲಿದು ಉಳಿದ ಅರಿವೆ ಚೂರು ಎಲ್ಲರ ಮನೆಯಲ್ಲೂ ಇರುತ್ತದೆ. ಹಳೆಯ ಕುಪ್ಪಸದ ಖಣ, ಸೀರೆಯ ಜರಿ ಅಂಚು, ಅಂಗಿಯ ಗುಂಡಿ, ಹರಿದ ಸರದ ಮಣಿ, ಹತ್ತಿಯ ದಾರ ಎಲ್ಲವೂ ಬೇಕು. ತಾಂಡಾದ ಅಕ್ಕಂದಿರ ಹಳೆಯ ಲಂಗದಲ್ಲಿ ಕನ್ನಡಿ ಹೊಲಿದ ತುಂಡು ಇದ್ದರೆ ಬಿಡಬೇಡಿ. ಕನ್ನಡಿಯನ್ನು ಕೀಳದೆ ಅರಿವೆ ಸಮೇತ ಕತ್ತರಿಸಿ ಅಂಟಿಸಿರಿ. ಒಡೆದ ಬಳೆ ಚೂರು ಮಾತ್ರ ಬೇಡ. ಮಕ್ಕಳ ಕೈ ಕೊಯ್ಯುತ್ತದೆ.

ಲಗ್ನಪತ್ರಿಕೆ ಕತ್ತರಿಸಲು ಕೂತಾಗ ನಮಗೆ ಒಂದು ತೊಡಕು ಬಂತು. ಮೇಲೆ ಗಣಪತಿ ಇದ್ದಾನೆ! ದೇವರ ಚಿತ್ರಕ್ಕೆ ಕತ್ತರಿ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಕೊನೆಗೆ ದೇವರ ಚಿತ್ರವನ್ನು ಸುತ್ತಲೂ ಬಿಡಿಸಿ ತೆಗೆದೆವು. ಅದನ್ನೇ ಸಂಚಿಯ ತಲೆಯ ಮೇಲೆ ಅಂಟಿಸಿದೆವು. ತೊಡಕೂ ಹೋಯಿತು, ಸಂಚಿಗೂ ಕಳೆ ಬಂತು.

ಅಂಟು

1 ಬಟ್ಟಲು ಮೈದಾ ಹಿಟ್ಟಿಗೆ 4 ಬಟ್ಟಲು ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಹಿಟ್ಟನ್ನು ಗಂಟಿಲ್ಲದಂತೆ ಕಲಸಿರಿ. ಉಳಿದ ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿರಿ. ಅಂಬಲಿಯ ಹಾಗೆ ಗಟ್ಟಿಯಾದಾಗ ಇಳಿಸಿರಿ. ಆರಿದ ಮೇಲೆ ಹಚ್ಚಿರಿ. ಜೋಳದ ಹಿಟ್ಟಿನಲ್ಲೂ ಮಾಡಿ ನೋಡಿದೆವು. ಅದು ಮೈದಾದಷ್ಟು ಹಿಡಿಯುವುದಿಲ್ಲ, ಒಣಗಿದರೆ ಬಿಟ್ಟುಕೊಳ್ಳುತ್ತದೆ.

ಹುಣಸೆ ಬೀಜದ ಅಂಟು ಇನ್ನೂ ಗಟ್ಟಿ. ಬೀಜ ಹುರಿದು, ಕುಟ್ಟಿ, ಮೇಲಿನ ಕಂದು ಸಿಪ್ಪೆ ತೆಗೆಯಬೇಕು. ಒಳಗಿನ ಬಿಳಿ ಬೇಳೆಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ರುಬ್ಬಬೇಕು. ನೀರು ಬೆರೆಸಿ ಕುದಿಸಬೇಕು. ಕೆಲಸ ಹೆಚ್ಚು, ಖರ್ಚು ಇಲ್ಲ. ಕಂಬಳಿ ನೇಯುವವರು ನೂಲಿಗೆ ಹಚ್ಚುವುದು ಇದನ್ನೇ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಹೆಸರು ನೀವು ಕೇಳಿರಬಹುದು. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಬೊಂಬೆ ಮಾಡುತ್ತಾರೆ, ದೇವರ ಮೂರ್ತಿ ಮಾಡುತ್ತಾರೆ. ಅವರು ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಹದ ಮಾಡುತ್ತಾರೆ. ಮರದ ತುಂಡುಗಳ ಸಂದು ಮುಚ್ಚುವುದು ಆ ಹದದಿಂದಲೇ. ಚಿಂದಿ, ಹೊಟ್ಟು, ಬೀಜ, ಮೂರೂ ಬಿಸಾಡುವ ವಸ್ತು. ಅದರಿಂದ ಆಗುವ ಬೊಂಬೆಗೆ ದೇಶದ ತುಂಬ ಹೆಸರು.

ಪುಸ್ತಕಕ್ಕೆ ರಟ್ಟು ಕಟ್ಟುವವರು ಜಿರಳೆ ಬಾರದಿರಲಿ ಎಂದು ಅಂಟಿಗೆ ಮೈಲುತುತ್ತ ಹಾಕುವುದುಂಟು. ಅದು ವಿಷ. ಕೂಸು ಇರುವ ಮನೆಯಲ್ಲಿ ಬೇಡವೇ ಬೇಡ. ಅಂಟನ್ನು ಬೇಕಾದಷ್ಟೇ ಮಾಡಿ 2 ದಿನದಲ್ಲಿ ಮುಗಿಸಿರಿ.

ಚೀಟಿ ಮಾಡುವುದು

ಲಗ್ನಪತ್ರಿಕೆಯಿಂದ 12 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ತುಂಡು ಕತ್ತರಿಸಿರಿ. ಮಕ್ಕಳ ಸ್ಕೇಲ್ ಇಲ್ಲದಿದ್ದರೆ ಬೆರಳಿನಿಂದ ಅಳೆಯಿರಿ. 6 ಬೆರಳು ಉದ್ದ, 3 ಬೆರಳು ಅಗಲ. ಮೇಲಿನ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿರಿ. ಮೂಲೆ ಉಳಿದರೆ ಬೇಗ ಮುದುರುತ್ತದೆ.

ಇನ್ನು ತೂತು. ಬರೀ ಕಾಗದಕ್ಕೆ ತೂತು ಮಾಡಿ ದಾರ ಕಟ್ಟಿದರೆ ಎರಡು ದಿನಕ್ಕೆ ಹರಿಯುತ್ತದೆ. ಅದಕ್ಕೆ ಮೊದಲು ಎರಡು ದುಂಡು ಅರಿವೆ ಚೂರು ಕತ್ತರಿಸಿ. ನಾಣ್ಯ ಇಟ್ಟು ಗೆರೆ ಎಳೆದರೆ ದುಂಡಗೆ ಬರುತ್ತದೆ. ಒಂದನ್ನು ಮುಂದೆ, ಒಂದನ್ನು ಹಿಂದೆ ಅಂಟಿಸಿ. ಒಣಗಿದ ಮೇಲೆ ದಬ್ಬಣದಿಂದ ನಡುವೆ ತೂತು ಮಾಡಿ. ಹತ್ತಿಯ ದಾರವನ್ನು ಮೂರು ಎಳೆ ಮಾಡಿ ಹೆರಳು ಹೆಣೆದ ಹಾಗೆ ಹೆಣೆದು ಪೋಣಿಸಿ. ತುದಿಗೆ ಒಂದು ಮಣಿ ಹಾಕಿ ಗಂಟು ಬಿಗಿಯಿರಿ.

ಚೀಟಿಯ ಮೇಲಿನ ಭಾಗಕ್ಕೆ ಖಣದ ಚೂರು, ಜರಿ ಅಂಚು, ಗುಂಡಿ, ಏನು ಬೇಕೋ ಅಂಟಿಸಿರಿ. ಗುಂಡಿಯನ್ನು ಅಂಟಿಸುವುದಕ್ಕಿಂತ ಹೊಲಿಯುವುದು ಮೇಲು. ಅರಿವೆಯ ಅಂಚಿಗೆ ಕೌದಿಯ ಹೊಲಿಗೆಯಂತೆ ಉದ್ದುದ್ದ ಎಳೆ ಹಾಕಿದರೆ ನೋಡಲು ಬಲು ಚಂದ. ಕೆಳಗಿನ ಅರ್ಧವನ್ನು ಮಾತ್ರ ಖಾಲಿ ಬಿಡಿ. ಅದು ಅಕ್ಷರದ ಜಾಗ. ಸಿಂಗಾರ ಮಾಡುತ್ತಾ ಮಾಡುತ್ತಾ ಅಕ್ಷರದ ಜಾಗವನ್ನೇ ಮುಚ್ಚಿಬಿಟ್ಟವರು ನಮ್ಮಲ್ಲಿ ಇದ್ದಾರೆ.

ಬರೆಯುವುದನ್ನು ಅಂಟಿಸುವ ಮೊದಲೇ ಮುಗಿಸಿ. ಹೊಳೆಯುವ ಮಗ್ಗುಲಲ್ಲಿ ಪೆನ್ನು ಜಾರುತ್ತದೆ. ಒಳಗಿನ ಬಿಳಿ ಮಗ್ಗುಲಲ್ಲಿ ಬರೆಯಿರಿ. ಮಸಿ ಪೆನ್ನು ಬೇಡ, ಒದ್ದೆಯಾದರೆ ಹರಡುತ್ತದೆ. ಬಾಲ್ ಪೆನ್ನು ಸಾಕು. ಇನ್ನೊಂದು ಮಾತು. ಗೆರೆಯ ಕೆಳಗೆ ಒಂದು ಬೆರಳಷ್ಟು ಜಾಗ ಬಿಡಿ. ಏಕೆ? ನಮ್ಮ ಕನ್ನಡದಲ್ಲಿ ಒತ್ತು ಕೆಳಗೆ ಬರುತ್ತದೆ. 'ಜೋಳ' ಬರೆಯಲು ಕೆಳಗೆ ಜಾಗ ಬೇಡ. 'ಅಕ್ಕಿ' ಬರೆಯಲು ಬೇಕು. 'ಸಜ್ಜೆ' ಬರೆಯಲೂ ಬೇಕು. ಜಾಗ ಬಿಡದೆ ಬರೆದ ಒಬ್ಬ ತಂಗಿಯ ಅಕ್ಕಿ 'ಅಕಿ' ಆಗಿ ಉಳಿಯಿತು. "ಅಕಿ ಯಾರವಾ?" ಎಂದು ಎಲ್ಲರೂ ನಕ್ಕೆವು. ನಮ್ಮ ಕಡೆ ಅಕಿ ಎಂದರೆ ಅವಳು ಅಲ್ಲವೇ!

ಯಾವುದಕ್ಕೆ ಕಟ್ಟಬೇಕು?

ಕಾಳಿನ ಡಬ್ಬಿಗೆ ಕಟ್ಟಿರಿ. ಬೀಜದ ಚೀಲಕ್ಕೆ ತಪ್ಪದೆ ಕಟ್ಟಿರಿ. ಬೀಜದ ಚೀಟಿಯಲ್ಲಿ ಹೆಸರು ಒಂದೇ ಸಾಲದು. ಯಾವ ವರ್ಷದ್ದು, ಯಾರ ಹೊಲದ್ದು ಎಂದೂ ಇರಬೇಕು. 'ಬಿಳಿಜೋಳ, ಹಿಂಗಾರಿ, 2024, ತವರಿನಿಂದ ತಂದದ್ದು' ಎಂದು ಬರೆದರೆ ಮರುವರ್ಷ ನೆನಪಿಗೆ ತಡಕಾಡುವುದು ತಪ್ಪುತ್ತದೆ. ಒಂದು ಮೋಜು ಕೇಳಿ. ಹೆಸರುಕಾಳಿನ ಡಬ್ಬಿಗೆ ಏನು ಬರೆಯಬೇಕು? 'ಹೆಸರು' ಎಂದೇ ಬರೆಯಬೇಕು. ಓದಿದ ಮೊಮ್ಮಗ ಕೇಳಿದನಂತೆ, "ಅಜ್ಜೀ, ಹೆಸರು ಅಂತ ಬರದೀದಿ, ಹೆಸರು ಬರೆಯೋದು ಮರತಿಯೇನು?"

ಈಗ ನಗು ಬಿಟ್ಟು ಒಂದು ಮಾತು ಹೇಳಬೇಕು.

ಕಾಲುವೆ ನೀರು ಬಂದ ಮೇಲೆ ನಮ್ಮ ಭಾಗದಲ್ಲಿ ಭತ್ತ ಬೆಳೆಯುತ್ತೇವೆ. ಹತ್ತಿಯೂ ಉಂಟು. ಎರಡಕ್ಕೂ ಕೀಟದ ಔಷಧ ಹೊಡೆಯುತ್ತೇವೆ. ಅದಕ್ಕೆ ನಾವು ಹೇಳುವ ಹೆಸರು ಏನು? ಎಣ್ಣಿ. ಅಡಿಗೆಗೆ ಹಾಕುವುದೂ ಎಣ್ಣಿ, ಬೆಳೆಗೆ ಹೊಡೆಯುವುದೂ ಎಣ್ಣಿ. ಉಳಿದ ಎಣ್ಣಿಯನ್ನು ನೀರಿನ ಬಾಟಲಿಗೆ ಸುರಿದು ಮೂಲೆಯಲ್ಲಿ ಇಡುವವರು ಇದ್ದಾರೆ. ಬಾಯಾರಿ ಬಂದ ಮಗುವಿಗೆ ಅದು ನೀರಿನ ಬಾಟಲಿಯೇ.

ಇದಕ್ಕೆ ನಮ್ಮ ಚೀಟಿ ಸಾಲದು. ಚೀಟಿ ಕಟ್ಟಿದೆವಲ್ಲ ಎಂದು ಬಾಟಲಿ ಬದಲಿಸಬೇಡಿ. ಔಷಧ ಬಂದ ಡಬ್ಬಿಯಲ್ಲೇ ಇರಲಿ. ಆ ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಲ್ಲಿಸಿದ ಚೌಕದ ಗುರುತು ಇರುತ್ತದೆ. ಚೌಕದ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ. ಕೆಂಪು ಇದ್ದರೆ ಎಲ್ಲಕ್ಕಿಂತ ಕಡು ವಿಷ. ಅದಕ್ಕಿಂತ ಕಡಿಮೆ ಹಳದಿ. ಆಮೇಲೆ ನೀಲಿ. ಆಮೇಲೆ ಹಸಿರು. ಹಸಿರು ಎಂದರೆ ವಿಷವಲ್ಲ ಎಂದು ಅರ್ಥವಲ್ಲ. ಡಬ್ಬಿಯನ್ನು ಬೀಗ ಹಾಕುವ ಕಡೆ ಇಡಿ. ಆ ಬಾಗಿಲಿಗೆ ಬೇಕಾದರೆ ದೊಡ್ಡ ಚೀಟಿ ಕಟ್ಟಿರಿ, 'ವಿಷ, ಮುಟ್ಟಬೇಡಿ' ಎಂದು ಬರೆಯಿರಿ. ಆ ಚೀಟಿಗೆ ಮಾತ್ರ ಮಣಿ ಬೇಡ, ಜರಿ ಬೇಡ. ಚಂದ ಕಂಡರೆ ಮಕ್ಕಳು ಎಳೆಯುತ್ತಾರೆ. ಯಾರಾದರೂ ಕುಡಿದಿದ್ದಾರೆ ಎಂದು ತಿಳಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಔಷಧದ ಡಬ್ಬಿಯನ್ನೂ ಒಯ್ಯಿರಿ. ಯಾವ ವಿಷ ಎಂದು ಡಾಕ್ಟರಿಗೆ ಅದರಿಂದ ತಿಳಿಯುತ್ತದೆ.

ಆಯೇರಿಯ ಚೀಟಿ

ಮದುವೆಯಲ್ಲಿ ಆಯೇರಿ ಮಾಡುತ್ತೇವೆ. ಸೀರೆ, ಕುಪ್ಪಸದ ಅರಿವೆ, ಪಾತ್ರೆ, ನಮ್ಮ ಕೈಲಾದದ್ದು ಕೊಡುತ್ತೇವೆ. ಒಬ್ಬರು ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮುಂದೆ ನಮ್ಮ ಮನೆಯ ಮದುವೆಗೆ ಮುಯ್ಯಿ ತೀರಿಸಲು ಆ ಪುಸ್ತಕವೇ ಆಧಾರ.

ನಮ್ಮ ಜೊತೆ ಕಲಿತ ಒಬ್ಬ ದೊಡ್ಡಮ್ಮ ಇದ್ದಾರೆ. ಕಳೆ ತೆಗೆಯುವ ಕೂಲಿಯಲ್ಲಿ ದುಡ್ಡು ಉಳಿಸಿ ಅಣ್ಣನ ಮಗಳಿಗೆ ಸೀರೆ ಒಯ್ದಿದ್ದರು. ಬರೆಯುವವನು, "ಯಾರ ಹೆಸರಿಗೆ?" ಎಂದು ಕೇಳಿದ. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಪಕ್ಕದವರು ಅವರ ಗಂಡನ ಹೆಸರು ಹೇಳಿದರು. ಅವನು ಬರೆದುಕೊಂಡ. ಗಂಡ ತೀರಿ ಆಗಲೇ 11 ವರ್ಷ ಆಗಿತ್ತು.

"ಸತ್ತವರು ಸೀರಿ ತಂದ್ರು, ನಾ ಬರೇ ಉಂಡು ಬಂದೆ," ಎಂದು ಕೇಂದ್ರದಲ್ಲಿ ಕೂತು ದೊಡ್ಡಮ್ಮ ಹೇಳಿದಾಗ ನಾವು ನಕ್ಕೆವು. ಅವರು ನಗಲಿಲ್ಲ.

ಚೀಟಿ ಮಾಡಲು ಕಲಿತ ಮೇಲೆ ಇನ್ನೊಂದು ಮದುವೆ ಬಂತು. ದೊಡ್ಡಮ್ಮ ಕುಪ್ಪಸದ ಅರಿವೆಗೆ ಚೀಟಿ ಕಟ್ಟಿದರು. ಹಸಿರು ಖಣದ ಚೂರು, ಒಂದು ಹವಳದ ಬಣ್ಣದ ಮಣಿ. ಕೆಳಗೆ ಅವರದೇ ಹೆಸರು, ಅವರದೇ ಕೈಯಕ್ಷರ. ಅಕ್ಷರ ಸ್ವಲ್ಪ ಓರೆ. ಬರೆಯುವವನು ಈ ಸಲ ಯಾರನ್ನೂ ಕೇಳಲಿಲ್ಲ. ಚೀಟಿ ನೋಡಿ ಬರೆದುಕೊಂಡ. ಅವರ ಹೆಸರನ್ನು ಈ ಪಾಠದಲ್ಲಿ ಹಾಕೋಣ ಎಂದೆವು. "ಬ್ಯಾಡ್ರವಾ, ಆಯೇರಿ ಪುಸ್ತಕದಾಗ ಬಂತಲ್ಲ, ಸಾಕು," ಎಂದರು.

ಹೆಸರಿನ ಮಾತು ಬಂದರೆ ಮಸ್ಕಿಯನ್ನು ಬಿಡಲಾಗದು. ಮಸ್ಕಿ ನಮಗೆ ದೂರವಲ್ಲ, ಈಗ ನಮ್ಮ ತಾಲೂಕು ಊರು. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಅಶೋಕ ರಾಜ ಬರೆಸಿದ ಅಕ್ಷರಗಳಿವೆ. ಸುಮಾರು 2,250 ವರ್ಷ ಹಳೆಯವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಆದ್ದರಿಂದ ನಾವು ಹೋದರೂ ಓದಲಾಗದು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅದಕ್ಕೂ ಮೊದಲು ದೇಶದ ಬೇರೆ ಕಡೆ ಇಂಥ ಬಂಡೆಗಳು ಸಿಕ್ಕಿದ್ದವು. ಅವುಗಳಲ್ಲಿ 'ದೇವರಿಗೆ ಪ್ರಿಯನಾದವನು' ಎಂಬ ಅರ್ಥದ ಬಿರುದು ಇತ್ತು. ರಾಜನ ಸ್ವಂತ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆ 'ಅಶೋಕ' ಎಂದೇ ಇತ್ತು. ಆ ಬಿರುದಿನವನೂ ಅಶೋಕನೂ ಒಬ್ಬನೇ ಎಂದು ಗಟ್ಟಿಯಾದದ್ದು ಇಲ್ಲಿಂದ. ಅಷ್ಟು ದೊಡ್ಡ ರಾಜನಿಗೂ ಬಿರುದು ಸಾಲಲಿಲ್ಲ ನೋಡಿರಿ. ಇಂಥವರ ಹೆಂಡತಿ, ಇಂಥವರ ತಾಯಿ ಎಂಬುದು ನಮ್ಮ ಬಿರುದು.

ಸಂಚಿ ಮಾಡುವುದು

ಇದು ಒಬ್ಬರ ಕೆಲಸವಲ್ಲ. ಇಬ್ಬರು ಕೂಡಿ ಮಾಡಿರಿ. 2 ದಿನ ಬೇಕು.

ರಟ್ಟಿನ ಪೆಟ್ಟಿಗೆಯಿಂದ 26 ಸೆಂಟಿಮೀಟರ್ ಅಗಲ, 55 ಸೆಂಟಿಮೀಟರ್ ಎತ್ತರದ ಹಲಗೆ ಕತ್ತರಿಸಿ. ಮುಂದಿನ ಮಗ್ಗುಲಿಗೆ ಹಳೆಯ ಹತ್ತಿ ಸೀರೆಯ ತುಂಡು ಅಂಟಿಸಿ. ಹಿಂದಿನ ಮಗ್ಗುಲಿಗೂ ಕಾಗದ ಅಂಟಿಸಲೇಬೇಕು. ಒಂದೇ ಮಗ್ಗುಲಿಗೆ ಹಚ್ಚಿದರೆ ಒಣಗುವಾಗ ರಟ್ಟು ಒಣರೊಟ್ಟಿಯ ಹಾಗೆ ಬಾಗುತ್ತದೆ. ನಮ್ಮ ಮೊದಲ ಸಂಚಿ ಹೀಗೇ ಬಾಗಿತು. ಅಂಟಿಸಿದ ಮೇಲೆ ಒಂದು ರಾತ್ರಿ ಟ್ರಂಕಿನ ಅಡಿಗೆ ಇಡಿ.

ಈಗ ಅರೆಗಳು. ಒಟ್ಟು ಮೂರು. ಕ್ಯಾಲೆಂಡರಿನ ಎರಡು ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ ಬೇಕಾದಷ್ಟು ದಪ್ಪ ಬರುತ್ತದೆ. ಅದರಿಂದ 34 ಸೆಂಟಿಮೀಟರ್ ಅಗಲ, 17 ಸೆಂಟಿಮೀಟರ್ ಎತ್ತರದ ಮೂರು ತುಂಡು ತೆಗೆಯಿರಿ. ಪ್ರತಿ ತುಂಡಿನ ಎಡಕ್ಕೂ ಬಲಕ್ಕೂ 4 ಸೆಂಟಿಮೀಟರ್ ಬಿಟ್ಟು ಗೆರೆ ಎಳೆಯಿರಿ. ಆ 4 ಸೆಂಟಿಮೀಟರನ್ನು ಸೀರೆಯ ನೆರಿಗೆಯ ಹಾಗೆ ಮಡಚಬೇಕು. 2 ಸೆಂಟಿಮೀಟರ್ ಹಿಂದಕ್ಕೆ, ಮತ್ತೆ 2 ಸೆಂಟಿಮೀಟರ್ ಹೊರಕ್ಕೆ. ಈ ನೆರಿಗೆ ಇದ್ದರೆ ಪಾಸ್‌ಪುಸ್ತಕ ಇಟ್ಟಾಗ ಅರೆ ಉಬ್ಬಿಕೊಳ್ಳುತ್ತದೆ. ನೆರಿಗೆ ಇಲ್ಲದಿದ್ದರೆ ಹರಿಯುತ್ತದೆ. ಕೆಳಗೆ 3 ಸೆಂಟಿಮೀಟರ್ ಹಿಂದಕ್ಕೆ ಮಡಚಿ. ಕೆಳಮೂಲೆಗಳಲ್ಲಿ ಮಡಿಕೆಯ ಮೇಲೆ ಮಡಿಕೆ ಬಂದು ದಪ್ಪವಾಗುತ್ತದೆ. ಆ ಮೂಲೆಯ ತುಂಡನ್ನು ಕತ್ತರಿಸಿ ತೆಗೆಯಿರಿ.

ಒಂದು ಅರೆಯನ್ನು ಹಲಗೆಯ ಕೆಳಗಿನ ಅಂಚಿಗೆ ಸರಿಯಾಗಿ ಅಂಟಿಸಿ. 3 ಸೆಂಟಿಮೀಟರ್ ಬಿಟ್ಟು ಎರಡನೆಯದು. ಮತ್ತೆ 3 ಬಿಟ್ಟು ಮೂರನೆಯದು. ಮೇಲೆ 7 ಸೆಂಟಿಮೀಟರ್ ಉಳಿಯುತ್ತದೆ, ಲೆಕ್ಕ ಹಾಕಿ ನೋಡಿರಿ. ಅಲ್ಲಿ ಎರಡು ತೂತು, ದಪ್ಪ ದಾರ. ಚೀಟಿಯ ತೂತಿಗೆ ಹಚ್ಚಿದ ಹಾಗೇ ಇಲ್ಲೂ ಅರಿವೆ ಹಚ್ಚಿರಿ.

ಅಂಟನ್ನೇ ನಂಬಬೇಡಿ. ಪ್ರತಿ ಅರೆಯ ತಳವನ್ನು ದಬ್ಬಣ ಮತ್ತು ದಪ್ಪ ದಾರದಿಂದ ರಟ್ಟಿಗೆ ಸೇರಿಸಿ ಹೊಲಿಯಿರಿ. ಮಳೆಗಾಲದಲ್ಲಿ ಮೈದಾ ಅಂಟು ತಂಪು ಹೀರಿ ಸಡಿಲವಾಗುತ್ತದೆ. ನಮ್ಮಲ್ಲಿ ಒಬ್ಬರ ಸಂಚಿಯ ತಳ ಶ್ರಾವಣದಲ್ಲಿ ಬಿಟ್ಟುಕೊಂಡಿತು. ಸಂಘದ ಪುಸ್ತಕ ಜಾರಿ ಕೆಳಗಿನ ನೀರಿನ ಕೊಡಕ್ಕೆ ಬಿತ್ತು. ಅಂದಿನಿಂದ ಹೊಲಿಗೆ ಇಲ್ಲದ ಸಂಚಿಯನ್ನು ನಾವು ಗೋಡೆಗೆ ಹಾಕುವುದಿಲ್ಲ.

ಮೂರೂ ಅರೆಗೆ ಒಂದೊಂದು ಚೀಟಿ ಕಟ್ಟಿರಿ. ನಾವು ಬರೆದದ್ದು ಹೀಗೆ: 'ಹೊಲ', 'ದುಡ್ಡು', 'ಮಕ್ಕಳು'. ಹೊಲದಲ್ಲಿ ಪಹಣಿ, ಕಂದಾಯದ ರಸೀದಿ. ದೊಡ್ಡ ಕಾಗದವನ್ನು ಒಂದೇ ಸಲ ಮಡಚಿ ಇಡಿ. ದುಡ್ಡಿನಲ್ಲಿ ಬ್ಯಾಂಕಿನ ಪುಸ್ತಕ, ಸಂಘದ ಪುಸ್ತಕ. ಮಕ್ಕಳಲ್ಲಿ ತಾಯಿ ಕಾರ್ಡು, ಜನನ ಪತ್ರ, ಶಾಲೆಯ ಅಂಕಪಟ್ಟಿ. ನೀವು ಬೇರೆ ಹೆಸರು ಕೊಡಬಹುದು. ಒಬ್ಬ ಅಕ್ಕ ಒಂದು ಅರೆಗೆ 'ನನ್ನದು' ಎಂದು ಬರೆದಿದ್ದಾರೆ. ಅದರಲ್ಲಿ ಏನಿದೆ ಎಂದು ನಾವು ಕೇಳಿಲ್ಲ.

ನಿಜವಾದ ಕಾಗದಕ್ಕೆ ಅಂಟು ಹಚ್ಚಬಾರದು. ತೂತು ಮಾಡಬಾರದು. ಉತ್ಸಾಹದಲ್ಲಿ ರೇಷನ್ ಕಾರ್ಡಿಗೇ ಜರಿ ಅಂಟಿಸಲು ಹೊರಟ ಕೈಯನ್ನು ನಾವು ಹಿಡಿದು ನಿಲ್ಲಿಸಿದ್ದೇವೆ. ಹೊಲದ ಖರೀದಿ ಪತ್ರದಂಥ ಮೂಲ ಕಾಗದ ಟ್ರಂಕಿನಲ್ಲೇ ಇರಲಿ. ಸಂಚಿಯಲ್ಲಿ ಅದರ ಜೆರಾಕ್ಸ್ ಸಾಕು. ಸಂಚಿಯನ್ನು ಒಲೆಯ ಹೊಗೆ ತಾಗುವ ಕಡೆ ಹಾಕಬೇಡಿ. ಸೋರುವ ಮಾಳಿಗೆಯ ಕೆಳಗೆ ಬೇಡ. ನಿಮ್ಮ ಕೈಗೆ ಎಟುಕಬೇಕು, ಕೂಸಿನ ಕೈಗೆ ಎಟುಕಬಾರದು.

ಮಾರಬಹುದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಮಾರಬಹುದು. ಆದರೆ ಮೊದಲು ಲೆಕ್ಕ. 10 ಚೀಟಿಗೆ ದಾರ, ಮಣಿ, ಅಂಟು ಸೇರಿ 30 ರೂಪಾಯಿ ಖರ್ಚು ಎಂದುಕೊಳ್ಳಿ. ಒಂದಕ್ಕೆ 8 ರೂಪಾಯಿಯಂತೆ ಮಾರಿದರೆ 80 ರೂಪಾಯಿ. ಉಳಿದದ್ದು 50. ಅದಕ್ಕೆ ಹಿಡಿದ ಹೊತ್ತು 4 ತಾಸು. ಹಾಗಾದರೆ ಒಂದು ತಾಸಿಗೆ ಎಷ್ಟು ಬಿತ್ತು? ಹೊಲದ ಕೂಲಿಯ ಜೊತೆ ಹೋಲಿಸಿ ನೋಡಿರಿ. ಕೆಲಸ ಇಲ್ಲದ ಬೇಸಿಗೆಯ ಮಧ್ಯಾಹ್ನಕ್ಕೆ ಇದು ಸರಿ. ಕೂಲಿ ಬಿಟ್ಟು ಕೂರುವಷ್ಟು ಲಾಭ ಇದರಲ್ಲಿ ಇಲ್ಲ. ಮದುವೆಯ ಕಾಲದಲ್ಲಿ ಆಯೇರಿಯ ಚೀಟಿಯನ್ನು ಒಟ್ಟಿಗೆ ಬೇಕೆಂದು ಕೇಳುವವರು ಸಿಕ್ಕರೆ ಬೇರೆ ಮಾತು.

ಈಗ ನೀವು ಮಾಡಿರಿ

ನಿಮ್ಮ ಮನೆಯ ಪ್ಲಾಸ್ಟಿಕ್ ಚೀಲವನ್ನು ಇಂದು ಸಂಜೆ ನೆಲಕ್ಕೆ ಸುರಿಯಿರಿ. ಒಂದೊಂದೇ ಕಾಗದ ಓದಿರಿ. ಯಾವ ಕಾಗದದಲ್ಲಿ ನಿಮ್ಮ ಹೆಸರು ಇದೆ? ಸರಿಯಾಗಿ ಬರೆದಿದ್ದಾರೆಯೇ? ಒತ್ತು, ದೀರ್ಘ ಬಿಟ್ಟಿದ್ದಾರೆಯೇ? ಆಧಾರ್ ಕಾರ್ಡಿನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಇದೆಯೇ? ತಪ್ಪು ಇದ್ದರೆ ಒಂದು ಚೀಟಿಯಲ್ಲಿ ಸರಿಯಾದ ಹೆಸರು ಬರೆದುಕೊಂಡು, ತಿದ್ದಿಸಲು ಹೋಗುವಾಗ ಜೊತೆಗೆ ಒಯ್ಯಿರಿ.

ಕೆಳಗಿನ ಮಾತುಗಳನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ: ಅಕ್ಕಿ, ಸಜ್ಜೆ, ಹೆಸರು, ಕುಪ್ಪಸ, ಬಳಗಾನೂರು. ಆರನೆಯ ಚೀಟಿಯಲ್ಲಿ ನಿಮ್ಮ ಹೆಸರು ಬರೆಯಿರಿ. ಅದಕ್ಕೆ ನಿಮಗೆ ಇಷ್ಟವಾದ ಮಣಿ ಪೋಣಿಸಿರಿ.